ಟೈಪ್‌ಕಾಸ್ಟಿಂಗ್: ಬೇಲಾ ಲುಗೋಸಿಗೆ ಕಳಚಲಾಗದೇ ಹೋದ ವೇಷ

ಒಬ್ಬ ನಟ ಒಂದು ಬಗೆಯ ಪಾತ್ರದಲ್ಲಿ ಗೆದ್ದ ಮೇಲೆ ಅವನನ್ನು ಮತ್ತೆ ಮತ್ತೆ ಅದೇ ಬಗೆಯ ಪಾತ್ರಕ್ಕೆ ಕರೆಯುವುದನ್ನು, ಹಾಗೆ ಕರೆಯುತ್ತ ಉಳಿದ ಪಾತ್ರಗಳ ದಾರಿ ಅವನಿಗೆ ಮುಚ್ಚಿಹೋಗುವುದನ್ನು ಸಿನಿಮಾದವರು ಟೈಪ್‌ಕಾಸ್ಟಿಂಗ್ ಎನ್ನುತ್ತಾರೆ. ಇದು ಸಾಮಾನ್ಯ ವಿವರಣೆ. ಇದರಲ್ಲಿ ಒಂದು ಮುಖ್ಯ ಅಂಶ ಬಿಟ್ಟುಹೋಗುತ್ತದೆ. ಬದುಕಿಡೀ ಖಳನ ಪಾತ್ರವನ್ನೋ ಹಾಸ್ಯಪಾತ್ರವನ್ನೋ ಮಾಡಿಯೂ ಗೌರವದಿಂದ, ನೆಮ್ಮದಿಯಿಂದ ಬಾಳಿದ ನಟರು ಬೇಕಾದಷ್ಟು ಮಂದಿ ಇದ್ದಾರೆ. ಪಾತ್ರ ಪುನರಾವರ್ತನೆಯಾದ ಮಾತ್ರಕ್ಕೆ ನಟ ಅದರಲ್ಲಿ ಸಿಕ್ಕಿಬೀಳುವುದಿಲ್ಲ. ಪಾತ್ರ ಬೇರೆ, ಪಾತ್ರಧಾರಿ ಬೇರೆ ಎಂಬ ತಿಳಿವಳಿಕೆ ನಿರ್ಮಾಪಕರಿಂದಲೂ ಪ್ರೇಕ್ಷಕರಿಂದಲೂ ಮರೆಯಾದಾಗ, ನಟನ ಸ್ವಂತ ಮುಖ ಮತ್ತು ದನಿಯೇ ಪಾತ್ರದ ಗುರುತಾಗಿಬಿಟ್ಟಾಗ, ಈ ಪದ ತನ್ನ ಪೂರ್ತಿ ಅರ್ಥವನ್ನು ಪಡೆಯುತ್ತದೆ. ಇದನ್ನು ಅರಿಯಲು ಹಾಲಿವುಡ್‌ನ ಭಯಾನಕ ಚಿತ್ರಗಳ ನಟ ಬೇಲಾ ಲುಗೋಸಿಯ ಬದುಕಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಲುಗೋಸಿ ಹುಟ್ಟಿದ್ದು 1882ರ ಅಕ್ಟೋಬರ್ 20ರಂದು, ಆಗ ಹಂಗೆರಿಗೆ ಸೇರಿದ್ದು ಈಗ ರುಮೇನಿಯಾದಲ್ಲಿರುವ ಲುಗೋಸ್ ಎಂಬ ಪಟ್ಟಣದಲ್ಲಿ. ಮನೆತನದ ಹೆಸರು ಬ್ಲಾಸ್ಕೋ. ರಂಗಭೂಮಿಗಾಗಿ ಅವರು ತಮ್ಮ ಊರಿನ ಹೆಸರನ್ನೇ ಇಟ್ಟುಕೊಂಡರು. ಊರೂರಿನ ನಾಟಕ ಕಂಪನಿಗಳಲ್ಲಿ ಪಳಗಿದ ಅವರು ಶೇಕ್ಸ್‌ಪಿಯರ್ ನಾಟಕಗಳಲ್ಲಿ ನಟಿಸಿದರು, 1909ರಲ್ಲಿ ದೆಬ್ರೆಟ್ಸೆನ್‌ನಲ್ಲಿ ಯೇಸುವಿನ ಪಾತ್ರ ವಹಿಸಿದರು, 1913ರಲ್ಲಿ ಬುಡಾಪೆಸ್ಟ್‌ನ ರಾಷ್ಟ್ರೀಯ ರಂಗಮಂದಿರವನ್ನು ಸೇರಿದರು. ಮೊದಲ ಮಹಾಯುದ್ಧದಲ್ಲಿ ಪದಾತಿ ದಳದ ಅಧಿಕಾರಿಯಾಗಿ ಹೋರಾಡಿ ಗಾಯಗೊಂಡರು. 1919ರಲ್ಲಿ ಹಂಗೆರಿಯಲ್ಲಿ ಕಮ್ಯುನಿಸ್ಟ್ ಸರ್ಕಾರ ತಂದ ಕ್ರಾಂತಿಯ ಹೊತ್ತಿನಲ್ಲಿ ನಟರ ಸಂಘ ಕಟ್ಟಲು ಮುಂದಾಗಿದ್ದರಿಂದ, ಆ ಸರ್ಕಾರ ಬಿದ್ದೊಡನೆ ದೇಶ ಬಿಡಬೇಕಾಯಿತು. ವಿಯೆನ್ನಾ, ಬರ್ಲಿನ್‌ಗಳನ್ನು ಹಾದು, ಹಡಗಿನ ಕೆಲಸಗಾರನಾಗಿ 1920ರ ಕೊನೆಗೆ ಅಮೆರಿಕ ಮುಟ್ಟಿದರು. 1922ರಲ್ಲಿ ನ್ಯೂಯಾರ್ಕ್‌ನಲ್ಲಿ ಅವರ ಮೊದಲ ಇಂಗ್ಲಿಷ್ ನಾಟಕ ರಂಗಕ್ಕೆ ಬಂದಾಗ ಅವರಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಮಾತುಗಳ ಉಚ್ಚಾರವನ್ನಷ್ಟೇ ಕೇಳಿ ಬಾಯಿಪಾಠ ಮಾಡಿ ನಟಿಸಿದರು. ಈ ಸಂಗತಿ ಮುಂದಿನದಕ್ಕೆಲ್ಲ ಮುಖ್ಯವಾದುದು.

1927ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಪ್ರಸಿದ್ಧ ರಂಗಮಂದಿರಗಳ ಬೀದಿಯಾದ ಬ್ರಾಡ್‌ವೇಯಲ್ಲಿ ‘ಡ್ರಾಕುಲಾ’ ನಾಟಕ ಶುರುವಾಯಿತು. ಲುಗೋಸಿ ಅದರಲ್ಲಿ ರಕ್ತ ಹೀರುವ ಕೌಂಟ್ (ಪ್ರಭು) ಡ್ರಾಕುಲಾ ಆದರು. 261 ಪ್ರದರ್ಶನಗಳ ಯಶಸ್ಸು ಕಂಡ ಆ ನಾಟಕದ ಆಧಾರದಲ್ಲಿ ಯೂನಿವರ್ಸಲ್ ಸಂಸ್ಥೆ ಸಿನಿಮಾ ಮಾಡಹೊರಟಾಗ ಅವರೇನೂ ಮೊದಲ ಆಯ್ಕೆಯಾಗಿರಲಿಲ್ಲ. ಭಯಾನಕ ಪಾತ್ರಗಳ ದೊಡ್ಡ ತಾರೆ ಲಾನ್ ಚೇನಿ 1930ರ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು. ಪಾತ್ರ ತನಗೇ ಬೇಕೆಂದು ಹಂಬಲಿಸಿದ ಲುಗೋಸಿ ವಾರಕ್ಕೆ 500 ಡಾಲರ್‌ನಂತೆ ಏಳು ವಾರಗಳಿಗೆ, ಅಂದರೆ ಒಟ್ಟು 3,500 ಡಾಲರ್‌ಗೆ ಒಪ್ಪಿಕೊಂಡರು. ಟಾಡ್ ಬ್ರೌನಿಂಗ್ ನಿರ್ದೇಶಿಸಿದ ಚಿತ್ರ 1931ರ ಫೆಬ್ರುವರಿಯಲ್ಲಿ ಬಿಡುಗಡೆಯಾಗಿ ಭಾರಿ ಗೆಲುವು ಕಂಡಿತು.

ಆ ಚಿತ್ರವನ್ನು ಇಂದು ನೋಡುವವರಿಗೆ ಒಂದು ಸಂಗತಿ ಅಚ್ಚರಿ ತರುತ್ತದೆ: ಅದರಲ್ಲಿ ಡ್ರಾಕುಲಾಗೆ ಕೋರೆಹಲ್ಲುಗಳೇ ಕಾಣುವುದಿಲ್ಲ. ಮುಖವನ್ನು ಮರೆಮಾಡುವ ಪ್ರಸಾಧನವೂ ಇಲ್ಲ. ಸಂಜೆಯುಡುಪು, ಮೇಲಂಗಿ, ಹಿಂದಕ್ಕೆ ಬಾಚಿದ ಕೂದಲು, ಕಣ್ಣುಗಳ ಮೇಲೆ ಬಿಟ್ಟ ಬೆಳಕು, ಮತ್ತು ಆ ದನಿ. ಹಂಗೆರಿಯನ್ ಲಯದಲ್ಲಿ ಒಂದೊಂದು ಪದವನ್ನೂ ತೂಗಿ, ತಡೆದು ಆಡುವ ಆ ಇಂಗ್ಲಿಷ್ ಮುಂದಿನ ಕಾಲದ ರಕ್ತಪಿಶಾಚಿಗಳ ಅಧಿಕೃತ ಭಾಷೆಯೇ ಆಗಿಬಿಟ್ಟಿತು. ಪ್ರೇಕ್ಷಕರು ಕಂಡು ಹೆದರಿದ್ದು ಲುಗೋಸಿಯ ನಿಜವಾದ ಮುಖಕ್ಕೆ, ಕೇಳಿ ಹೆದರಿದ್ದು ಅವರ ನಿಜವಾದ ಮಾತಿಗೆ.

ಅದೇ ವರ್ಷ ನವೆಂಬರ್‌ನಲ್ಲಿ ತೆರೆಕಂಡ ‘ಫ್ರಾಂಕೆನ್‌ಸ್ಟೈನ್’ ಚಿತ್ರವನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಅದರ ರಾಕ್ಷಸಾಕಾರದ ಪಾತ್ರಕ್ಕೆ ಮೊದಲು ಲುಗೋಸಿಯ ಹೆಸರೇ ಇತ್ತು. ಕೊನೆಗೆ ಅದು ಸಿಕ್ಕಿದ್ದು ಬೋರಿಸ್ ಕಾರ್ಲಾಫ್ ಎಂಬ ರಂಗನಾಮದ ಇಂಗ್ಲಿಷ್ ನಟ ವಿಲಿಯಂ ಹೆನ್ರಿ ಪ್ರ್ಯಾಟ್ ಅವರಿಗೆ. ಜ್ಯಾಕ್ ಪಿಯರ್ಸ್ ಗಂಟೆಗಟ್ಟಲೆ ಕೂತು ಮಾಡಿದ ಪ್ರಸಾಧನದ ಹಿಂದೆ ಕಾರ್ಲಾಫ್ ಪೂರ್ತಿ ಮರೆಯಾದರು. ಚಿತ್ರದ ಆರಂಭದ ಪಟ್ಟಿಯಲ್ಲಿ ಆ ಪಾತ್ರದ ಎದುರು ನಟನ ಹೆಸರಿನ ಬದಲು ಪ್ರಶ್ನಾರ್ಥಕ ಚಿಹ್ನೆಯಿತ್ತು. ಕಾರ್ಲಾಫ್ ಕೂಡ ಭಯಾನಕ ಚಿತ್ರಗಳಿಗೇ ಅಂಟಿಕೊಂಡರು ನಿಜ, ಆದರೆ ಅವರ ವೇಷ ದಿನದ ಕೊನೆಗೆ ಕಳಚಿಡಬಹುದಾದ ವೇಷವಾಗಿತ್ತು. ಅದು ಕಳಚಿದಾಗ ಅಡಿಯಲ್ಲಿ ಮೃದುಭಾಷಿಯಾದ ಒಬ್ಬ ನಟ ಉಳಿದಿರುತ್ತಿದ್ದ. 1941ರಲ್ಲಿ ಅವರು ಬ್ರಾಡ್‌ವೇಯ ಹಾಸ್ಯನಾಟಕದಲ್ಲಿ ಗೆದ್ದರು, ಮುಂದೆ ಮಕ್ಕಳ ಕಥೆಗಳಿಗೆ ದನಿಕೊಟ್ಟು ಜನಪ್ರಿಯರಾದರು, ಆ ರಾಕ್ಷಸನನ್ನು ತನ್ನ ಪರಮಮಿತ್ರನೆಂದು ಕೃತಜ್ಞತೆಯಿಂದ ನೆನೆದರು. ಲುಗೋಸಿಗೆ ಅಂಥ ಅನುಕೂಲವಿರಲಿಲ್ಲ. ಬಣ್ಣ ಅಳಿಸಿದ ಮೇಲೂ ಕನ್ನಡಿಯಲ್ಲಿ ಡ್ರಾಕುಲಾನೇ ಇದ್ದ. ಬಾಯಿ ತೆರೆದರೆ ಡ್ರಾಕುಲಾನ ದನಿಯೇ ಬರುತ್ತಿತ್ತು.

ನಿರ್ಮಾಪಕರ ಲೆಕ್ಕಾಚಾರ ಇಲ್ಲಿಂದ ಕೆಲಸ ಮಾಡತೊಡಗಿತು. ಮಾತಿನ ಚಿತ್ರಗಳ ಹೊಸ ಕಾಲದಲ್ಲಿ ಹೊರದೇಶದ ಉಚ್ಚಾರವುಳ್ಳ ನಟನಿಗೆ ದೊರೆಯುತ್ತಿದ್ದ ಪಾತ್ರಗಳೇ ಕಡಿಮೆ. ಗೆದ್ದ ಸರಕನ್ನೇ ಮತ್ತೆ ಮಾರುವುದು ಕಂಪನಿಗಳಿಗೆ ಸುರಕ್ಷಿತ ದಾರಿ. ಪೋಸ್ಟರಿನ ಮೇಲೆ ಲುಗೋಸಿ ಎಂಬ ಹೆಸರಿದ್ದರೆ ಚಿತ್ರ ಯಾವ ಬಗೆಯದೆಂದು ಬೇರೆ ಹೇಳಬೇಕಿರಲಿಲ್ಲ. ಹುಚ್ಚು ವಿಜ್ಞಾನಿ, ಮಾಟಗಾರ, ಸೇಡಿನ ವೈದ್ಯ ಎಂದು ಪಾತ್ರಗಳು ಬದಲಾದರೂ ಬಯಸುತ್ತಿದ್ದದ್ದು ಅದೇ ನೋಟವನ್ನು, ಅದೇ ದನಿಯನ್ನು. ಗಮನಿಸಬೇಕಾದ ವಿಷಯವೇನೆಂದರೆ, ಪೂರ್ಣಪ್ರಮಾಣದ ಸಿನಿಮಾದಲ್ಲಿ ಅವರು ಡ್ರಾಕುಲಾ ಎಂಬ ಹೆಸರಿನ ಪಾತ್ರ ಮಾಡಿದ್ದು ಎರಡೇ ಸಲ: 1931ರಲ್ಲಿ ಒಮ್ಮೆ, 1948ರಲ್ಲಿ ಅಬಟ್ ಮತ್ತು ಕಾಸ್ಟೆಲೊ ಜೋಡಿಯ ಹಾಸ್ಯಚಿತ್ರದಲ್ಲಿ ಇನ್ನೊಮ್ಮೆ. ಒಂದೇ ಪಾತ್ರವನ್ನು ಅನೇಕ ಸಲ ಮಾಡಿದ್ದರಿಂದ ನಟ ಟೈಪ್‌ಕಾಸ್ಟ್ ಆಗುತ್ತಾನೆ ಎಂಬ ಸರಳ ತಿಳಿವಳಿಕೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. 1935ರ ‘ಮಾರ್ಕ್ ಆಫ್ ದಿ ವ್ಯಾಂಪೈರ್’ ಚಿತ್ರದಲ್ಲಂತೂ ಅವರದು ಕೌಂಟ್ ಮೋರಾ ಎಂಬ ಪಿಶಾಚಿಯ ಪಾತ್ರ. ಕಥೆಯ ಕೊನೆಗೆ ಆ ಪಿಶಾಚಿ ಕೂಲಿಗೆ ಬಂದ ನಟನೆಂದು ಗೊತ್ತಾಗುತ್ತದೆ.

ಒಂದೇ ಬಗೆಯ ಚಿತ್ರಗಳನ್ನು ನೆಚ್ಚಿಕೊಂಡವನಿಗೆ ಆ ಬಗೆಗೆ ಬೇಡಿಕೆ ಕುಸಿದರೆ ಬೇರೆ ಆಸರೆಯಿರುವುದಿಲ್ಲ. 1936ರಲ್ಲಿ ಯೂನಿವರ್ಸಲ್‌ನ ಒಡೆತನ ಬದಲಾಯಿತು, ಬ್ರಿಟನ್ನಿನ ಮಾರುಕಟ್ಟೆಯೂ ಭಯಾನಕ ಚಿತ್ರಗಳಿಗೆ ಬಿಗಿಯಾಯಿತು, ಚಿತ್ರಗಳ ತಯಾರಿಕೆ ನಿಂತಿತು. ಲುಗೋಸಿ ಮನೆ ಕಳೆದುಕೊಂಡರು. 1938ರಲ್ಲಿ ಮಗ ಹುಟ್ಟಿದಾಗ ಆಸ್ಪತ್ರೆಯ ಖರ್ಚಿಗೆ ನಟರ ಸಹಾಯನಿಧಿಯ ನೆರವು ಬೇಕಾಯಿತು. ಅದೇ ವರ್ಷ ಹಳೆಯ ‘ಡ್ರಾಕುಲಾ’ ಮತ್ತು ‘ಫ್ರಾಂಕೆನ್‌ಸ್ಟೈನ್’ ಚಿತ್ರಗಳನ್ನು ಒಟ್ಟಿಗೆ ಮರುಬಿಡುಗಡೆ ಮಾಡಿದಾಗ ಜನ ಮುಗಿಬಿದ್ದರು, ಮತ್ತೆ ಕೆಲಸ ಸಿಕ್ಕಿತು.

ಆ ಕೆಲಸಗಳಲ್ಲಿ ಒಂದು, 1939ರ ‘ಸನ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರದ ಇಗೋರ್. ನೇಣಿಗೇರಿಸಿದರೂ ಸಾಯದೆ ಕತ್ತು ಮುರಿದುಕೊಂಡು ಬದುಕಿದ, ಕೊಳಕು ಗಡ್ಡದ, ಒರಟು ದನಿಯ ಹಳ್ಳಿಗ. ಇಲ್ಲಿ ಲುಗೋಸಿಯನ್ನು ಗುರುತು ಹಿಡಿಯುವುದೇ ಕಷ್ಟ. ಕುತಂತ್ರ, ದೈನ್ಯ, ತುಂಟತನ, ಸ್ನೇಹಕ್ಕಾಗಿ ಹಪಹಪಿ ಎಲ್ಲವನ್ನೂ ಬೆರೆಸಿ ಅವರು ಕಟ್ಟಿದ ಆ ಪಾತ್ರ, ನನ್ನ ಅಭಿಪ್ರಾಯದಲ್ಲಿ, ಡ್ರಾಕುಲಾಗಿಂತ ಎತ್ತರದ ನಟನೆ. ಕಾರ್ಲಾಫ್‌ಗೆ ದಕ್ಕಿದ್ದ ಮರೆ ಲುಗೋಸಿಗೂ ದಕ್ಕಿದೊಡನೆ ಅವರೊಳಗಿನ ರಂಗನಟ ಹೊರಬಂದ. ಅದೇ ವರ್ಷ ‘ನಿನೊಚ್ಕ’ದಲ್ಲಿ ಗ್ರೇಟಾ ಗಾರ್ಬೊ ಎದುರು ಸೋವಿಯತ್ ಅಧಿಕಾರಿಯಾಗಿ ಚಿಕ್ಕ ಪಾತ್ರವೊಂದನ್ನು ಎಷ್ಟು ಹದವಾಗಿ ನಿಭಾಯಿಸಿದರೆಂದರೆ, ಅಂಥ ಅವಕಾಶ ಇನ್ನೂ ಹತ್ತು ಏಕೆ ಬರಲಿಲ್ಲವೆಂದು ನೋಡಿದವರಿಗೆ ನೋವಾಗುತ್ತದೆ. ಬಂದದ್ದು ಮೊನೊಗ್ರಾಮ್ ಎಂಬ ಕಂಪನಿಯ ಅಗ್ಗದ ಚಿತ್ರಗಳು. 1943ರಲ್ಲಿ ಕೊನೆಗೂ ಫ್ರಾಂಕೆನ್‌ಸ್ಟೈನ್‌ನ ರಾಕ್ಷಸನಾದಾಗ, ಬಿಡುಗಡೆಗೆ ಮೊದಲು ಆ ಪಾತ್ರದ ಮಾತುಗಳನ್ನೂ ಅದು ಕುರುಡಾಗಿದೆ ಎಂಬ ವಿವರವನ್ನೂ ಕತ್ತರಿಸಿ ಹಾಕಿದರು. ಕೈಚಾಚಿ ತಡವರಿಸುವ ಅವರ ನಡಿಗೆಗೆ ಕಾರಣವೇ ಇಲ್ಲದಂತಾಗಿ, ತಪ್ಪು ನಟನದೆಂಬ ಹೆಸರು ಬಂತು.

ಈ ಬಂಧನದಲ್ಲಿ ಲುಗೋಸಿಯ ಪಾಲೂ ಇತ್ತು ಎನ್ನದೆ ವಿಧಿಯಿಲ್ಲ. ಕೆಲಸವಿಲ್ಲದ ದಿನಗಳಲ್ಲಿ ಅದೇ ಮೇಲಂಗಿ ತೊಟ್ಟು ನಾಟಕ ಆಡಿದರು, 1951ರಲ್ಲಿ ಬ್ರಿಟನ್ನಿನುದ್ದಕ್ಕೂ ‘ಡ್ರಾಕುಲಾ’ ಹೊತ್ತು ತಿರುಗಿದರು. ಸಂಸಾರ ಸಾಗಬೇಕಿದ್ದಾಗ ಬೇರೆ ದಾರಿ ಯಾವುದಿತ್ತು? ಸೊಂಟದಿಂದ ಕಾಲಿಗಿಳಿಯುವ ನರದ ನೋವಿಗೆಂದು ಶುರುವಾದ ಮಾರ್ಫಿನ್ ವ್ಯಸನವಾಗಿ ಬೆಳೆದಿತ್ತು. 1955ರ ಏಪ್ರಿಲ್‌ನಲ್ಲಿ ತಾವಾಗಿಯೇ ಕ್ಯಾಲಿಫೋರ್ನಿಯಾದ ನಾರ್ವಾಕ್‌ನ ಸರ್ಕಾರಿ ಆಸ್ಪತ್ರೆಗೆ ಸೇರಿ, ತಾರೆಯರು ಇಂಥದ್ದನ್ನು ಮುಚ್ಚಿಡುತ್ತಿದ್ದ ಕಾಲದಲ್ಲಿ ಅದನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು ದೊಡ್ಡ ಧೈರ್ಯ. ಕೊನೆಯ ವರ್ಷಗಳಲ್ಲಿ ಎಡ್ ವುಡ್ ಎಂಬ ನಿರ್ದೇಶಕನ ಬಡಪಾಯಿ ಚಿತ್ರಗಳಲ್ಲಿ ನಟಿಸಿ, 1956ರ ಆಗಸ್ಟ್ 16ರಂದು ತೀರಿಕೊಂಡರು. ಮಗ ಮತ್ತು ನಾಲ್ಕನೆಯ ಹೆಂಡತಿಯ ನಿರ್ಧಾರದಂತೆ ಅವರನ್ನು ಡ್ರಾಕುಲಾ ಮೇಲಂಗಿಯಲ್ಲೇ ಮಣ್ಣುಮಾಡಲಾಯಿತು.

ಪಾತ್ರ ಯಾರದು, ಮುಖ ಯಾರದು ಎಂಬ ಪ್ರಶ್ನೆ ಮುಂದೆ ನ್ಯಾಯಾಲಯವನ್ನೂ ಮುಟ್ಟಿತು. ಲುಗೋಸಿಯ ಮುಖವುಳ್ಳ ಡ್ರಾಕುಲಾ ಸರಕುಗಳಿಗೆ ಯೂನಿವರ್ಸಲ್ ಪರವಾನಗಿ ನೀಡುತ್ತಿದ್ದುದನ್ನು ಅವರ ವಾರಸುದಾರರು ಪ್ರಶ್ನಿಸಿದರು. ಕೆಳಗಿನ ನ್ಯಾಯಾಲಯದಲ್ಲಿ ಗೆದ್ದರೂ, 1979ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ, ತನ್ನ ಹೆಸರು ಮತ್ತು ಮುಖದಿಂದ ಸಂಪಾದಿಸುವ ಹಕ್ಕು ವ್ಯಕ್ತಿ ಬದುಕಿರುವಾಗಲೇ ಚಲಾಯಿಸಬೇಕಾದದ್ದು, ಅದು ವಾರಸುದಾರರಿಗೆ ಇಳಿಯುವುದಿಲ್ಲ ಎಂದು ತೀರ್ಪಿತ್ತಿತು. ಪಾತ್ರವನ್ನು ನಟಿಸಿದ ಮಾತ್ರಕ್ಕೆ ನಟನಿಗೆ ಅದರ ಮೇಲೆ ಒಡೆತನ ಬರುವುದಿಲ್ಲವೆಂದು ಒಬ್ಬ ನ್ಯಾಯಮೂರ್ತಿ ಪ್ರತ್ಯೇಕವಾಗಿ ಬರೆದರು. ಬೇರೆ ಪಾತ್ರ ಕೇಳಿದಾಗ ನೀನೇ ಡ್ರಾಕುಲಾ ಎಂದಿದ್ದ ಉದ್ಯಮವು, ಪಾಲು ಕೊಡುವ ಹೊತ್ತು ಬಂದಾಗ ಡ್ರಾಕುಲಾ ನೀನಲ್ಲ ಎಂದು ವಾದಿಸಿ ಗೆದ್ದಿತು. 1984ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿ, ತೀರಿಕೊಂಡ ಪ್ರಸಿದ್ಧರ ಹೆಸರು ಮತ್ತು ಮುಖದ ಮೇಲಿನ ಹಕ್ಕನ್ನು ಅವರ ವಾರಸುದಾರರಿಗೆ ಕೊಟ್ಟಿತು.