ಮೊಣಕಾಲಿನ ಅಡಿಯ ದಿಂಬು ತೆಗೆಯಿರಿ

ಲಕ್ವ ಹೊಡೆದು ಹಾಸಿಗೆ ಹಿಡಿದವರ ಕೋಣೆಗೆ ಹೋದರೆ ಸಾಮಾನ್ಯವಾಗಿ ಎರಡು ವಸ್ತು ಕಣ್ಣಿಗೆ ಬೀಳುತ್ತವೆ. ಒಂದು, ಯಾರೋ ಹೇಳಿದ ಊರಿಂದ ತರಿಸಿದ ಎಣ್ಣೆಯ ಬಾಟಲಿ. ಇನ್ನೊಂದು, ಮೊಣಕಾಲಿನ ಅಡಿಗೆ ಪ್ರೀತಿಯಿಂದ ಇಟ್ಟ ದಿಂಬು. ಪಾರಿವಾಳದ ರಕ್ತ ಸವರಿಸುವವರ ಮೇಲೆ ನನಗೆ ಸಿಟ್ಟಿದೆ, ಅದಿರಲಿ. ಎಣ್ಣೆ ಹಚ್ಚಿದರೆ ಅಂಥ ನಷ್ಟವೇನಿಲ್ಲ. ಕೆಡುಕು ಮಾಡುವುದು ದಿಂಬು.

ಕಾಲು ಮಡಿಸಿಟ್ಟರೆ ರೋಗಿಗೆ ಹಾಯೆನಿಸುತ್ತದೆ ನಿಜ. ಕೆಲವು ವಾರ ಕಳೆದ ಮೇಲೆ ಅದೇ ಕಾಲು ನೀಡಲು ಹೋದರೆ ಬಾರದು. ‘ನರ ಎಳ್ಕೊಂಡಿದೆ, ತಿಕ್ಕಿದ್ರೆ ಬಿಡುತ್ತೆ’ ಎನ್ನುತ್ತಾರೆ ಮನೆಯವರು. ವೈದ್ಯರು ಇದನ್ನು ಕಾಂಟ್ರ್ಯಾಕ್ಚರ್ ಎನ್ನುತ್ತಾರೆ. ಇಲ್ಲಿ ಯಾವ ನರವೂ ಗಂಟು ಬಿದ್ದಿಲ್ಲ, ಯಾವ ವಾಯುವೂ ಸೇರಿಕೊಂಡಿಲ್ಲ. ಸ್ನಾಯು ತನ್ನ ಉದ್ದವನ್ನೇ ಬದಲಿಸಿಕೊಂಡಿದೆ. ಅದು ಹೇಗೆಂಬುದು ಜೀವವಿಜ್ಞಾನದಲ್ಲಿ ನನಗೆ ತುಂಬ ಇಷ್ಟವಾದ ಕಥೆ.

ಸ್ನಾಯುವಿನ ಒಂದು ಎಳೆಯನ್ನು ಉದ್ದನೆಯ ರೈಲು ಎಂದುಕೊಳ್ಳಿ. ಅದರ ಒಂದೊಂದು ಬೋಗಿಯ ಹೆಸರು ಸಾರ್ಕೋಮಿಯರ್. ಬೋಗಿಯ ಉದ್ದ ಸುಮಾರು ಎರಡೂವರೆ ಮೈಕ್ರೋಮೀಟರ್, ಅಂದರೆ ಹತ್ತು ಸೆಂಟಿಮೀಟರಿನ ಎಳೆಯಲ್ಲಿ ಸಾಲಾಗಿ 40,000 ಬೋಗಿಗಳು. ಪ್ರತಿ ಬೋಗಿಯೊಳಗೂ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನ್ ತಂತುಗಳಿವೆ. ಒಂದರೊಳಗೆ ಇನ್ನೊಂದು ಜಾರಿದಾಗ ಸ್ನಾಯು ಸಂಕುಚಿಸುತ್ತದೆ. ಇದನ್ನು 1954ರಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ಪ್ರಕಟಿಸಿದವು. ಒಂದರಲ್ಲಿ ಆಂಡ್ರ್ಯೂ ಹಕ್ಸ್‌ಲಿ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ. ಇಬ್ಬರಿಗೂ ನೆಂಟಸ್ತಿಕೆ ಇರಲಿಲ್ಲ! ಜೊತೆಗಾರರಾಗಿದ್ದ ನೀಡರ್‌ಗರ್ಕೆ ಮತ್ತು ಜೀನ್ ಹ್ಯಾನ್ಸನ್ ಅವರ ಹೆಸರು ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ ಎಂಬುದು ನನ್ನ ತಕರಾರು.

ತಂತುಗಳು ತೀರ ದೂರ ಸರಿದರೂ, ತೀರ ಒತ್ತಾಗಿ ಸೇರಿದರೂ ಬಲ ಕಡಿಮೆ. ನಡುವೆ ಒಂದು ಹದವಿದೆ. ಕಾಲು ಸದಾ ಮಡಿಸಿಯೇ ಇದ್ದರೆ ತೊಡೆಯ ಹಿಂಭಾಗದ ಸ್ನಾಯುವಿನ ಬೋಗಿಗಳೆಲ್ಲ ಒತ್ತೊತ್ತಾಗಿ ಹದ ತಪ್ಪುತ್ತವೆ. ಆಗ ಸ್ನಾಯು ತುದಿಯಿಂದ ಕೆಲವು ಬೋಗಿಗಳನ್ನು ಕಳಚಿಬಿಡುತ್ತದೆ. ಉಳಿದವು ಮತ್ತೆ ಹದಕ್ಕೆ ಬರುತ್ತವೆ. ರೈಲು ಗಿಡ್ಡವಾಯಿತು, ಆದರೆ ಮಡಿಸಿದ ಭಂಗಿಯಲ್ಲಿ ಚೆನ್ನಾಗಿ ಎಳೆಯುತ್ತದೆ. ಸ್ನಾಯು ಕೆಟ್ಟಿಲ್ಲ. ನಾವು ಇಟ್ಟ ಭಂಗಿಗೆ ಅತಿ ವಿಧೇಯವಾಗಿ ಹೊಂದಿಕೊಂಡಿದೆ, ಅಷ್ಟೆ.

1972ರಲ್ಲಿ ಟಬಾರಿ, ಟಾರ್ಡ್ಯೂ, ಗೋಲ್ಡ್‌ಸ್ಪಿಂಕ್ ಮೊದಲಾದವರು ಬೆಕ್ಕುಗಳ ಕಾಲಿಗೆ ಪ್ಲಾಸ್ಟರ್ ಹಾಕಿ ಇದನ್ನು ಎಣಿಸಿಯೇ ತೋರಿಸಿದರು. ಮೀನಖಂಡದ ಸೋಲಿಯಸ್ ಸ್ನಾಯುವನ್ನು ಗಿಡ್ಡ ಭಂಗಿಯಲ್ಲಿ ಇಟ್ಟಾಗ ಸುಮಾರು ಶೇ. 40ರಷ್ಟು ಸಾರ್ಕೋಮಿಯರ್ ಮಾಯ. ಉದ್ದ ಭಂಗಿಯಲ್ಲಿ ಇಟ್ಟಾಗ ಸುಮಾರು ಶೇ. 20ರಷ್ಟು ಹೊಸದಾಗಿ ಸೇರ್ಪಡೆ. ಪ್ಲಾಸ್ಟರ್ ಬಿಚ್ಚಿ ಬೆಕ್ಕನ್ನು ಅದರ ಪಾಡಿಗೆ ಓಡಾಡಲು ಬಿಟ್ಟರೆ ನಾಲ್ಕು ವಾರದೊಳಗೆ ಲೆಕ್ಕ ಮೊದಲಿನಂತೆ.

ಅಂದರೆ ಪೂರ್ತಿ ರಿಪೇರಿ ಸಾಧ್ಯವೇ? ಬೇಗ ಕೈಹಾಕಿದರೆ ಹೌದು. ತಡವಾದಂತೆ ಸ್ನಾಯುವಿನೊಳಗೆ ಕೊಲ್ಲಾಜೆನ್ ಎಂಬ ನಾರಿನಂಥ ಪ್ರೋಟೀನ್ ಹೆಚ್ಚುತ್ತದೆ, ಕೊನೆಗೆ ಕೀಲಿನ ಸುತ್ತಲಿನ ಚೀಲವೇ ಬಿಗಿದುಕೊಳ್ಳುತ್ತದೆ. ಆ ಹಂತದಲ್ಲಿ ಅರಿವಳಿಕೆ ಕೊಟ್ಟು ರೋಗಿಯನ್ನು ಮಲಗಿಸಿದರೂ ಕಾಲು ನೀಡುವುದಿಲ್ಲ. ಲಕ್ವದಲ್ಲಿ ಮಿದುಳಿನ ಹತೋಟಿ ತಪ್ಪಿ ಬರುವ ಬಿಗಿತವಾದರೆ ಅರಿವಳಿಕೆಯಲ್ಲಿ ಸಡಿಲವಾಗುತ್ತಿತ್ತು. ಸ್ನಾಯು ಸಡಿಲಿಸುವ ಬೊಟ್ಯುಲಿನಮ್ ಇಂಜೆಕ್ಷನ್ ಆ ಬಿಗಿತವನ್ನು ಇಳಿಸುತ್ತದೆ, ಗಿಡ್ಡವಾದ ಸ್ನಾಯುವನ್ನು ಉದ್ದ ಮಾಡುವುದಿಲ್ಲ. ಅದಕ್ಕೆ ಹಂತಹಂತವಾಗಿ ಬದಲಿಸುವ ಪ್ಲಾಸ್ಟರ್ ಬೇಕು, ಇಲ್ಲವೇ ಸ್ನಾಯುರಜ್ಜುವನ್ನು ಉದ್ದ ಮಾಡುವ ಶಸ್ತ್ರಚಿಕಿತ್ಸೆ.

ಇನ್ನು ‘ದಿನಾ ಹತ್ತು ನಿಮಿಷ ಎಳೆದು ಬಿಡಿ’ ಎಂಬ ಸಲಹೆ. ಪ್ಲಾಸ್ಟರಿನಲ್ಲಿದ್ದ ಸುಂಡಿಲಿಗಳ ಕಾಲನ್ನು ದಿನಕ್ಕೆ ಅರ್ಧ ಗಂಟೆ ಎಳೆದು ಹಿಡಿದರೆ ಸಾರ್ಕೋಮಿಯರ್ ನಷ್ಟ ತಪ್ಪುತ್ತದೆಂದು 1990ರಲ್ಲಿ ವಿಲಿಯಮ್ಸ್ ತೋರಿಸಿದ್ದು ನಿಜ. ಮನುಷ್ಯರ ವಿಷಯದಲ್ಲಿ ನಿರಾಸೆ. ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆಯ 2017ರ ವಿಮರ್ಶೆ 49 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಏಳು ತಿಂಗಳಿಗಿಂತ ಕಡಿಮೆ ಅವಧಿ ಎಳೆದು ಹಿಡಿಯುವುದರಿಂದ ಕೀಲಿನ ಚಲನೆಯಲ್ಲಿ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಇದನ್ನು ಓದಿ ಫಿಸಿಯೋಥೆರಪಿಯೇ ದಂಡ ಎಂದುಕೊಳ್ಳಬೇಡಿ. ನನಗನಿಸುವುದು ಇಷ್ಟು: ಬೆಕ್ಕುಗಳ ಕಾಲನ್ನು ಯಾರೂ ಎಳೆಯುತ್ತಾ ಕೂತಿರಲಿಲ್ಲ, ಅವು ತಾವೇ ನಡೆದವು. ಉಳಿದಷ್ಟು ಶಕ್ತಿಯಲ್ಲಿ ರೋಗಿಯೇ ಕೈಕಾಲು ಆಡಿಸುವುದು, ಆಸರೆ ಹಿಡಿದು ನಿಲ್ಲುವುದು, ಒಳ್ಳೆಯ ಕೈಯ ಜೊತೆ ಸೋತ ಕೈಯನ್ನೂ ಕೆಲಸಕ್ಕೆ ಹಚ್ಚುವುದು, ಇವಕ್ಕೆ ಹೆಚ್ಚು ಹೊತ್ತು ಕೊಡಬೇಕು. ಮಿಕ್ಕ ಗಂಟೆಗಳ ಭಂಗಿಯೂ ಮುಖ್ಯ. ಮೊಣಕಾಲು ನೆಟ್ಟಗಿರಲಿ, ಪಾದ ಕೆಳಗೆ ಜೋತುಬೀಳದಿರಲಿ, ಭಾರದ ಕಂಬಳಿ ಬೆರಳುಗಳನ್ನು ಒತ್ತದಿರಲಿ, ಅಂಗೈ ಬಿಚ್ಚಿರಲಿ. ಜೋರಾಗಿ ಜಗ್ಗಬೇಡಿ. ಲಕ್ವದ ಭುಜ ಸಡಿಲವಾಗಿರುತ್ತದೆ, ತೋಳು ಹಿಡಿದೆಳೆದರೆ ಕೀಲಿಗೇ ಪೆಟ್ಟು.

ಇದುವರೆಗೆ ಹೇಳಿದ್ದೆಲ್ಲ ವಾರಗಳಲ್ಲಿ ಆಗುವಂಥದ್ದು. ಗಂಟೆಗಳಲ್ಲೇ ಕೈ ಕೆಡಿಸುವ ಇನ್ನೊಂದು ಬಗೆಯಿದೆ. ಜರ್ಮನಿಯ ಹಾಲೆಯಲ್ಲಿದ್ದ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲಿ ಅದನ್ನು ವಿವರಿಸಿದ. ಈತ ಬೇರೆ ಹೆಸರಲ್ಲಿ ಮಕ್ಕಳಿಗಾಗಿ ಕಿನ್ನರ ಕಥೆ ಬರೆದವನೂ ಹೌದು. ಮುರಿದ ಕೈಗೆ ಕಟ್ಟು ಅತಿ ಬಿಗಿಯಾದರೆ ಮುಂಗೈ ಸ್ನಾಯುಗಳಿಗೆ ರಕ್ತ ನಿಂತು, ಅವು ಸತ್ತು ನಾರಾಗಿ, ಬೆರಳು ಶಾಶ್ವತವಾಗಿ ಮುದುಡುತ್ತವೆ. ಇದು ಬಿದಿರು ಪಟ್ಟಿಯ ನಾಟಿ ಕಟ್ಟಿಗಷ್ಟೇ ಅಲ್ಲ, ಆಸ್ಪತ್ರೆಯ ಪ್ಲಾಸ್ಟರಿಗೂ ಅನ್ವಯ. ಮಗುವಿನ ಮೊಣಕೈ ಬಳಿ ಮೂಳೆ ಮುರಿದಾಗ ಈ ಭಯ ಹೆಚ್ಚು. ಕಟ್ಟು ಹಾಕಿದ ಮೇಲೂ ನೋವು ಏರುತ್ತಲೇ ಇದ್ದರೆ, ಬೆರಳು ಮರಗಟ್ಟಿದರೆ, ಮಡಿಸಿದ ಬೆರಳನ್ನು ಮೆಲ್ಲನೆ ನೀಡಿಸಿದರೂ ಮಗು ಚೀರಿದರೆ ಬೆಳಗಾಗಲೆಂದು ಕಾಯಬೇಡಿ. ಬಟ್ಟೆಯ ಕಟ್ಟಾದರೆ ಅಲ್ಲೇ ಸಡಿಲಿಸಿ, ಪ್ಲಾಸ್ಟರಾದರೆ ಅದನ್ನು ಸೀಳಿಸಲು ರಾತ್ರಿಯಾದರೂ ಆಸ್ಪತ್ರೆಗೆ ಓಡಿ. ಸುಮಾರು ಆರು ಗಂಟೆ ರಕ್ತ ಸಿಗದ ಸ್ನಾಯು ಮತ್ತೆ ಚೇತರಿಸಿಕೊಳ್ಳುವುದು ಕಷ್ಟ.