ಕಾಡುಪಾಪ ಕಾಣದ ರಾತ್ರಿಯ ಲೆಕ್ಕ

ರಾತ್ರಿ ಮರದ ಮೇಲೆ ಓಡಾಡುವ ಪುಟ್ಟ ಪ್ರಾಣಿ ಕಾಡುಪಾಪವನ್ನು (ಸ್ಲೆಂಡರ್ ಲೋರಿಸ್) ಹುಡುಕಿ ಹೊರಟವರ ಕಣ್ಣಿಗೆ ಮೊದಲು ಬೀಳುವುದು ಅದರ ಕಣ್ಣೇ. ಕಣ್ಣಿನ ಹಿಂಭಾಗದಲ್ಲಿರುವ ಪದರವೊಂದು ಟಾರ್ಚಿನ ಬೆಳಕನ್ನು ಪ್ರತಿಫಲಿಸಿ, ಕೊಂಬೆಗಳ ನಡುವೆ ಕೆಂಪು-ಕಿತ್ತಳೆ ಬಣ್ಣದ ಎರಡು ಚುಕ್ಕೆ ಹೊಳೆಯುತ್ತವೆ. ಬೆಕ್ಕಿನ ಕಣ್ಣೂ ಹೊಳೆಯುತ್ತದೆ, ಜೇಡದ್ದೂ ಹೊಳೆಯುತ್ತದೆ. ಆದ್ದರಿಂದ ಆತುರ ಸಲ್ಲದು. ಟಾರ್ಚಿಗೆ ಕೆಂಪು ಪಾರದರ್ಶಕ ಹಾಳೆ ಕಟ್ಟಿಕೊಂಡು, ಗೊತ್ತುಮಾಡಿದ ದಾರಿಯಲ್ಲಿ ನಿಧಾನವಾಗಿ ನಡೆಯಬೇಕು. ಕಂಡರೆ ಹೊತ್ತು, ಮರದ ಜಾತಿ, ನೆಲದಿಂದ ಎಷ್ಟು ಎತ್ತರ ಎಂಬುದನ್ನು ಬರೆದುಕೊಳ್ಳಬೇಕು.

ಬೆಂಗಳೂರಿನಲ್ಲಿ ಈ ಪಾಠಕ್ಕೆ ಬಂಡೀಪುರದವರೆಗೆ ಹೋಗಬೇಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಕೃಷಿ ವಿಶ್ವವಿದ್ಯಾಲಯವಿರುವ ಜಿಕೆವಿಕೆಯ ಹಳೆಯ ಮರಗಳಲ್ಲಿ ಕಾಡುಪಾಪ ಇನ್ನೂ ಉಳಿದುಕೊಂಡಿದೆ. ಹುಲಿಗೆ ಇರುವಷ್ಟೇ ಕಟ್ಟುನಿಟ್ಟಿನ ಕಾನೂನು ರಕ್ಷಣೆ ಇದಕ್ಕೂ ಇದೆ.

ಎಷ್ಟೋ ರಾತ್ರಿ ಏನೂ ಕಾಣುವುದಿಲ್ಲ. ನನ್ನ ಪ್ರಕಾರ ನಿಜವಾದ ಕಲಿಕೆ ಶುರುವಾಗುವುದು ಅಂಥ ರಾತ್ರಿಯಲ್ಲೇ. ಹೊಸ ವಿದ್ಯಾರ್ಥಿ ಹಾಳೆಯನ್ನು ಖಾಲಿ ಬಿಟ್ಟು ಮನೆಗೆ ಹೊರಡುತ್ತಾನೆ. ಆದರೆ ಎಷ್ಟು ಹೊತ್ತಿಗೆ ಹೊರಟೆವು, ಎಷ್ಟು ದೂರ ನಡೆದೆವು, ಮಳೆ ಇತ್ತೇ ಎಂದೆಲ್ಲ ಬರೆದು ಕೊನೆಯಲ್ಲಿ ಸೊನ್ನೆ ಹಾಕಿದರೆ ಅದೂ ಮಾಹಿತಿಯೇ. ಒಂದು ತೋಪಿನಲ್ಲಿ ಕಾಡುಪಾಪ ಇದೆ, ಒಂದು ಸಲ ಹೋದರೆ ಅದು ಕಾಣುವ ಸಾಧ್ಯತೆ ನೂರಕ್ಕೆ 40 ಎಂದಿಟ್ಟುಕೊಳ್ಳಿ. ಮೂರು ರಾತ್ರಿ ಹೋದರೂ ಒಮ್ಮೆಯೂ ಕಾಣದಿರುವ ಸಾಧ್ಯತೆ 0.6 × 0.6 × 0.6, ಅಂದರೆ ನೂರಕ್ಕೆ ಸುಮಾರು 22. ಮೂರು ರಾತ್ರಿ ಅಲೆದು 'ಇಲ್ಲಿ ಕಾಡುಪಾಪ ಇಲ್ಲ' ಎಂದು ವರದಿ ಬರೆದರೆ, ಅದನ್ನು ನಂಬಿ ಯಾರೋ ಆ ತೋಪಿಗೆ ಕೊಡಲಿ ಹಾಕಿಸಬಹುದು.

ತಪ್ಪು ಎಣಿಕೆಗೆ ದೇಶವೇ ಬೆಲೆ ತೆತ್ತಿದೆ. ಹೆಜ್ಜೆಗುರುತು ನೋಡಿ ಹುಲಿ ಎಣಿಸುತ್ತಿದ್ದ ಕಾಲದಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳಿವೆ ಎಂದೇ ಲೆಕ್ಕ ಬರುತ್ತಿತ್ತು. 2005ರ ಹೊತ್ತಿಗೆ ಅಲ್ಲಿ ಒಂದೂ ಉಳಿದಿರಲಿಲ್ಲ. ಅದಕ್ಕೂ ಹತ್ತು ವರ್ಷ ಮೊದಲೇ, 1995ರಲ್ಲಿ, ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಪ್ರಾಣಿ ಹಾದುಹೋದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಮತ್ತೆ ಮತ್ತೆ ಸಿಕ್ಕವು ಎಷ್ಟು ಎಂಬುದರಿಂದ ಸಿಗದೇ ಉಳಿದವನ್ನೂ ಅಂದಾಜು ಮಾಡುವ ಕೆಲಸವನ್ನು ಪ್ರಕಟಿಸಿದ್ದರು. ಕಾಣದ್ದನ್ನು ಲೆಕ್ಕಕ್ಕೆ ತರುವ ಈ ದಾರಿ ನಮ್ಮ ಕರ್ನಾಟಕದ ಕಾಡಿನಲ್ಲೇ ಬೆಳೆದದ್ದು ಎಂಬುದು ನಮ್ಮ ಕಾಲೇಜುಗಳಲ್ಲಿ ಎಷ್ಟು ಮಕ್ಕಳಿಗೆ ಗೊತ್ತು?

ಲೆಕ್ಕದಾಚೆಗೂ ಕಲಿಯುವುದಿದೆ. ಕಾಡುಪಾಪ ಮಂಗನಂತೆ ಹಾರುವುದಿಲ್ಲ. ಒಂದು ಕೊಂಬೆಯನ್ನು ಹಿಂಗಾಲಲ್ಲಿ ಗಟ್ಟಿಯಾಗಿ ಹಿಡಿದು, ಮುಂಗೈ ಚಾಚಿ, ಇನ್ನೊಂದು ಸಿಕ್ಕಿತು ಎಂದು ಖಾತ್ರಿಯಾದ ಮೇಲೆಯೇ ಹಿಂದಿನದನ್ನು ಬಿಡುತ್ತದೆ. ಎರಡು ಮರಗಳ ಕೊಂಬೆ ಕೂಡದಿದ್ದರೆ ಅದರ ದಾರಿ ಅಲ್ಲಿಗೇ ಮುಗಿಯಿತು. ಇಲ್ಲವೇ ನೆಲಕ್ಕಿಳಿದು ನಾಯಿಗೋ ವಾಹನಕ್ಕೋ ಸಿಗಬೇಕು. ಅದು ಕೈಚಾಚಿ, ಸಿಗದೆ, ಹಿಂದಿರುಗುವುದನ್ನು ಕಣ್ಣಾರೆ ನೋಡಿದ ಹುಡುಗಿಗೆ, ರಸ್ತೆ ಅಗಲಿಸಲು ಕಡಿಯುವ ಒಂದೇ ಸಾಲಿನ ಮರ ಎಷ್ಟು ದೊಡ್ಡ ನಷ್ಟ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ 2004ರಿಂದ ವನ್ಯಜೀವಿ ಸ್ನಾತಕೋತ್ತರ ಕೋರ್ಸ್ ನಡೆಯುತ್ತಿದೆ. ಕ್ಷೇತ್ರ ಅಧ್ಯಯನವೇ ಅದರ ಬೆನ್ನೆಲುಬು. ಅಲ್ಲಿ ಸೀಟು ಸಿಗುವುದು ಕೆಲವರಿಗೆ ಮಾತ್ರ. ನನಗೆ ಚಿಂತೆಯಿರುವುದು ಸಾಮಾನ್ಯ ಬಿಎಸ್ಸಿ ತರಗತಿಗಳದ್ದು. ಅಲ್ಲಿ ಪರಿಸರ ಎಂದರೆ ಇಂದಿಗೂ ನೋಟ್ಸು, ಪೋಸ್ಟರು, ವರ್ಷಕ್ಕೊಂದು ಸಸಿ ನೆಡುವುದು. ಆವರಣದಲ್ಲೇ ಒಂದು ದಾರಿ ಗೊತ್ತುಮಾಡಿ. ಕಾಡುಪಾಪ ಇಲ್ಲದ ಕಡೆ ಗೂಬೆಯೋ ಬಾವಲಿಯೋ ಆದೀತು. ವಾರಕ್ಕೊಮ್ಮೆ ಅದೇ ಹೊತ್ತಿಗೆ, ಒಬ್ಬ ಅಧ್ಯಾಪಕರ ಜೊತೆ ಮಕ್ಕಳು ನಡೆಯಲಿ. ಏನೂ ಕಾಣಲಿಲ್ಲ ಎಂದು ಪ್ರಾಮಾಣಿಕವಾಗಿ ಬರೆದವರಿಗೂ ಪೂರ್ತಿ ಅಂಕ ಕೊಡಿ. ಆ ರಿಜಿಸ್ಟರನ್ನು ಸೊನ್ನೆಗಳ ಸಮೇತ ಮುಂದಿನ ಬ್ಯಾಚಿನ ಕೈಗೆ ಒಪ್ಪಿಸಿ.