ರಾಷ್ಟ್ರಪತಿಗಳು ಬರೀ ವಿಸಿಟರಾ?

ತುಮಕೂರಿನಲ್ಲಿ ಕೆಎಎಸ್‌ಗೆ ಓದುತ್ತಿರುವ ಅಕ್ಕನ ಮಗಳು ಮೊನ್ನೆ ಕೇಳಿದಳು: "ಮಾವ, ನಮ್ಮ ತುಮಕೂರು ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರು ಕುಲಾಧಿಪತಿ. ಕಲಬುರಗಿ ಕಡೆಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಕುಲಾಧಿಪತಿ ಬೇರೆ, ರಾಷ್ಟ್ರಪತಿಗಳು ವಿಸಿಟರ್ ಅಂತಿದೆ. ಅಷ್ಟು ದೊಡ್ಡವರು ಬರೀ ವಿಸಿಟರಾ?"

ಒಳ್ಳೆ ಪ್ರಶ್ನೆ. ವಿಸಿಟರ್ ಅಂದ ಕೂಡಲೇ ನಮಗೆ ಆಸ್ಪತ್ರೆಯಲ್ಲಿ ಸಂಜೆ ಹೊತ್ತು ಬ್ರೆಡ್ಡು, ಎಳನೀರು ಹಿಡಿದು ಬರುವವರೇ ನೆನಪಾಗುತ್ತಾರೆ. ಆದರೆ ಈ ಪದದ ಬೇರು ಇರುವುದು 'ನೋಡು' ಅನ್ನುವ ಲ್ಯಾಟಿನ್ ಮಾತಿನಲ್ಲಿ. ನೋಡಲು ಹೋಗುವವನು, ಅದರಲ್ಲೂ ಎಲ್ಲ ಸರಿಯಾಗಿದೆಯಾ ಅಂತ ನೋಡಲು ಹೋಗುವವನು.

ಯುರೋಪಿನಲ್ಲಿ ಬಿಷಪ್‌ಗಳು ತಮ್ಮ ವ್ಯಾಪ್ತಿಯ ಚರ್ಚು, ಮಠಗಳಿಗೆ ಹೋಗಿ ಲೆಕ್ಕ, ನಡತೆ ಎಲ್ಲ ವಿಚಾರಿಸುತ್ತಿದ್ದರು. ಅದಕ್ಕೇ ವಿಸಿಟೇಶನ್ ಅನ್ನುತ್ತಿದ್ದರು. 1535ರಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ಕಡೆಯವರು ಹೀಗೇ ಮಠಗಳಿಗೆ ಹೋದರು. ಮರುವರ್ಷವೇ ಸಣ್ಣ ಮಠಗಳನ್ನು ಮುಚ್ಚುವ ಕಾನೂನು ಬಂತು. ಅಂಥ ಭೇಟಿ ಅದು!

ಕಾಲೇಜುಗಳಿಗೂ ಇದೇ ಪದ್ಧತಿ ಬಂತು. ಸ್ವಂತ ದುಡ್ಡು ಹಾಕಿ ಕಾಲೇಜು ಕಟ್ಟಿದವರು, ತಾವು ಸತ್ತ ಮೇಲೂ ತಮ್ಮ ಕಟ್ಟಳೆ ಮುರಿಯದಂತೆ ನೋಡಿಕೊಳ್ಳಲಿ ಅಂತ ಒಬ್ಬ ವಿಸಿಟರನ್ನು ಗೊತ್ತು ಮಾಡುತ್ತಿದ್ದರು. ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜಿನ ಮುಖ್ಯಸ್ಥ ಆರ್ಥರ್ ಬರಿಯನ್ನು ಅಲ್ಲಿನ ವಿಸಿಟರ್ ಆಗಿದ್ದ ಬಿಷಪ್ ಕೆಲಸದಿಂದಲೇ ತೆಗೆದ. ಜಗಳ ಮೇಲಿನ ತನಕ ಹೋಗಿ, 1694ರ ಫಿಲಿಪ್ಸ್ ಮತ್ತು ಬರಿ ಮೊಕದ್ದಮೆಯಲ್ಲಿ ವಿಸಿಟರ್ ತನ್ನ ಅಧಿಕಾರದೊಳಗೆ ಕೊಟ್ಟ ತೀರ್ಮಾನವೇ ಕೊನೆ, ಕೋರ್ಟು ಕೈ ಹಾಕುವಂತಿಲ್ಲ ಅಂತಾಯಿತು. ಇದು ಜಾಸ್ತಿಯಾಯಿತು ಅಂತಲೇ ನನಗನ್ನಿಸುತ್ತದೆ. ನೋಡುವವನನ್ನೂ ಯಾರಾದರೂ ನೋಡಬೇಕು, ಅಲ್ವಾ? ಇಂಗ್ಲೆಂಡಿನಲ್ಲಿ ವಿದ್ಯಾರ್ಥಿಗಳ ದೂರುಗಳು ವಿಸಿಟರ್ ಕೈಯಿಂದ ತಪ್ಪಿದ್ದು 2004ರ ಕಾಯ್ದೆ ಬಂದ ಮೇಲೆ.

ನಮ್ಮ 2009ರ ಕೇಂದ್ರೀಯ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ ಆ ಹಳೆಯ ಅರ್ಥ ಇನ್ನೂ ಗಟ್ಟಿಯಾಗಿದೆ. ಕಟ್ಟಡ, ಲೈಬ್ರರಿ, ಲ್ಯಾಬು ಎಲ್ಲವನ್ನೂ ತಪಾಸಣೆ ಮಾಡಿಸುವ ಹಕ್ಕು ವಿಸಿಟರಿಗಿದೆ. ಕಾಯ್ದೆಗೆ ಹೊಂದದ ತೀರ್ಮಾನವನ್ನು ರದ್ದು ಮಾಡಲೂಬಹುದು, ಆದರೆ ಮೊದಲು ಕಾರಣ ಕೇಳಬೇಕು.

ಇದನ್ನು ಸುಮ್ನೆ 'ಸಂದರ್ಶಕ' ಅಂತ ಬರೆದರೆ ಅರ್ಧ ಅರ್ಥ ಹೋಗಿಬಿಡುತ್ತದೆ. ಆ ಪದದೊಳಗೂ 'ನೋಡು' ಇದೆ ನಿಜ, ಆದರೆ ಈಗ ಅದು ನೆಂಟನ ಹಾಗೆ, ಇಲ್ಲವೇ ಕೆಲಸಕ್ಕೆ ಇಂಟರ್‌ವ್ಯೂ ಮಾಡುವವರ ಹಾಗೆ ಕೇಳಿಸುತ್ತದೆ.

ಹುಡುಗಿಗೆ ಕೊನೆಗೆ ಅರ್ಥವಾದದ್ದು ಜಮಾಬಂದಿ ಉದಾಹರಣೆಯಿಂದ. ನಮ್ಮೂರ ಪಂಚಾಯಿತಿಯಲ್ಲಿ ಜಮಾಬಂದಿ ದಿನ ಹೊರಗಿನಿಂದ ಅಧಿಕಾರಿ ಬರುತ್ತಾರೆ. ಊರವರ ಮುಂದೆ ರಸೀದಿ, ವೋಚರು ತಿರುವಿ ಹಾಕುತ್ತಾರೆ. ಆಮೇಲೆ ಟೇಪು ಹಿಡಿದು ಚರಂಡಿ ಹತ್ತಿರ ಹೋಗಿ, ಪುಸ್ತಕದಲ್ಲಿ ಬರೆದಷ್ಟು ಉದ್ದ ನೆಲದ ಮೇಲೂ ಇದೆಯಾ ಅಂತ ಅಳೆಯುತ್ತಾರೆ.

"ಓ, ಅಂಥ ವಿಸಿಟರಾ!" ಅಂದಳು.